ಜುಲೈ ತಿಂಗಳ ಲೆಕ್ಕ: ಕೊಡಗಿನಲ್ಲಿ ಪರ್ಸನಲ್ ಟ್ರೈನಿಂಗ್ ಜಿಮ್ ಆರಂಭಿಸುವವರ ಮುಂದಿರುವ ಆಯ್ಕೆಗಳು

ಕೊಡಗಿನಲ್ಲಿ ಜಿಮ್ ತೆರೆಯಬೇಕೆಂದು ವಿಚಾರಿಸಲು ಬರುವ ಯುವಕರು ನನ್ನನ್ನು ಮೊದಲು ಕೇಳುವುದು ಯಾವ ಕಂಪನಿಯ ಮೆಷಿನ್ ತರಿಸಿದರೆ ಒಳ್ಳೆಯದು ಎಂದು. ನಾನು ಅವರನ್ನು ಕೇಳುವುದು ಬೇರೆ. ಜುಲೈ ತಿಂಗಳ ಮೂರನೆಯ ವಾರ. ನಾಲ್ಕು ದಿನಗಳಿಂದ ಮಳೆ ಬಿಟ್ಟಿಲ್ಲ. ಎಲ್ಲೋ ತಂತಿಯ ಮೇಲೆ ಮರ ಬಿದ್ದು ರಾತ್ರಿಯಿಂದಲೇ ಕರೆಂಟಿಲ್ಲ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಘೋಷಿಸಿದ್ದಾರೆ. ಆ ದಿನ ನಿಮ್ಮ ಜಿಮ್ಮಿಗೆ ಎಷ್ಟು ಜನ ಬರುತ್ತಾರೆ, ಆ ತಿಂಗಳ ಬಾಡಿಗೆಯನ್ನು ಯಾವ ದುಡ್ಡಿನಲ್ಲಿ ಕಟ್ಟುತ್ತೀರಿ?

ಬೆಂಗಳೂರು, ಮೈಸೂರುಗಳಲ್ಲಿ ಜಿಮ್ ನಡೆಸುವವರು ಹೊಸ ವರ್ಷದ ಸಂಕಲ್ಪ ತೊಟ್ಟವರು ಸಾಲುಗಟ್ಟುವ ಜನವರಿಯನ್ನು ನೋಡಿ ಯೋಜನೆ ಹಾಕಬಹುದು. ಇಲ್ಲಿ ಜನವರಿಯೆಂದರೆ ಕಾಫಿ ಕೊಯ್ಲಿನ ಕಾಲ. ಬೆಳೆಗಾರನಿಗೆ ಬೆಳಗಿನ ಆರು ಗಂಟೆಗೆ ತೋಟದ ಕೆಲಸದವರ ಚಿಂತೆಯೇ ಹೊರತು ಸ್ಕ್ವಾಟ್‌ನ ಚಿಂತೆಯಲ್ಲ. ಅಲ್ಲಿಂದ ಮದುವೆಗಳ ಬೇಸಿಗೆ ಬರುತ್ತದೆ, ಅದರ ಬೆನ್ನಿಗೇ ಮಳೆ ಹಿಡಿಯುತ್ತದೆ. ಆದ್ದರಿಂದ ಕೆಳಗೆ ಹೋಲಿಸುವ ಪ್ರತಿಯೊಂದು ಆಯ್ಕೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಿದ್ದೇನೆ: ಅದು ಜುಲೈಯನ್ನು ದಾಟುತ್ತದೆಯೇ ಇಲ್ಲವೇ.

ದೊಡ್ಡ ಜಿಮ್ಮೋ, ಚಿಕ್ಕ ಸ್ಟುಡಿಯೋವೋ, ಮನೆಮನೆಗೆ ಹೋಗುವುದೋ

ಮೊದಲ ಆಯ್ಕೆ ಎಲ್ಲರಿಗೂ ಗೊತ್ತಿರುವ ಮೆಂಬರ್‌ಶಿಪ್ ಜಿಮ್. ವಿಶಾಲವಾದ ಹಾಲ್, ಸಾಲು ಟ್ರೆಡ್‌ಮಿಲ್‌ಗಳು, ತಿಂಗಳಿಗಿಷ್ಟು ಎಂಬ ಶುಲ್ಕ, ಕೇಳಿದವರಿಗೆ ಮಾತ್ರ ಹೆಚ್ಚಿನ ದರಕ್ಕೆ ಪರ್ಸನಲ್ ಟ್ರೈನಿಂಗ್. ಈ ವ್ಯವಹಾರ ನಿಂತಿರುವುದೇ ಹಣ ಕಟ್ಟಿ ಬಾರದಿರುವವರ ಮೇಲೆ ಎಂಬುದು ಈ ಕಸುಬಿನವರೆಲ್ಲರಿಗೂ ಗೊತ್ತಿರುವ ಗುಟ್ಟು. ಲಕ್ಷಗಟ್ಟಲೆ ಜನರಿರುವ ನಗರದಲ್ಲಿ ಒಬ್ಬ ಬಿಟ್ಟರೆ ಇನ್ನೊಬ್ಬ ಸೇರುತ್ತಾನೆ. 2011ರ ಜನಗಣತಿಯ ಪ್ರಕಾರ ಇಡೀ ಕೊಡಗು ಜಿಲ್ಲೆಯ ಜನಸಂಖ್ಯೆಯೇ ಸುಮಾರು ಐದೂವರೆ ಲಕ್ಷ, ಅದರಲ್ಲಿ ಮಡಿಕೇರಿ ಪಟ್ಟಣದ್ದು ಮೂವತ್ತು ಸಾವಿರದ ಆಸುಪಾಸು. ಇಷ್ಟು ಚಿಕ್ಕ ಊರಿನಲ್ಲಿ ಬಾರದೆ ಉಳಿದವನು ಸಂತೆಯಲ್ಲೋ ಮದುವೆ ಮನೆಯಲ್ಲೋ ಎದುರಾಗಿ, 'ದುಡ್ಡು ಕಟ್ಟಿದ್ದು ದಂಡವಾಯಿತು' ಎಂದು ನಾಲ್ಕು ಜನರ ಮುಂದೆ ಹೇಳುತ್ತಾನೆ. ಬಾರದವನ ಹಣ ನಮ್ಮಲ್ಲಿ ಲಾಭವಲ್ಲ, ಅಪಪ್ರಚಾರ.

ಲೆಕ್ಕವನ್ನೂ ನೋಡೋಣ, ಅಂಕಿಗಳು ಉದಾಹರಣೆಗಾಗಿ ಹಿಡಿದವು, ನಿಮ್ಮ ಊರಿನ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು. ಬಾಡಿಗೆ 50,000, ಕರೆಂಟ್ ಬಿಲ್ಲು 12,000, ಇಬ್ಬರು ಟ್ರೈನರ್‌ಗಳ ಸಂಬಳ 36,000, ಮೆಷಿನ್‌ಗಳ ಸಾಲದ ಕಂತು 40,000 ಎಂದಾದರೆ ತಿಂಗಳಿಗೆ 1,38,000 ರೂಪಾಯಿ ಖರ್ಚು. ತಲೆಗೆ 1,200 ರೂಪಾಯಿ ಶುಲ್ಕವಾದರೆ 115 ಜನ ಕಟ್ಟಿದಾಗ ಮಾತ್ರ ಸರಿಸಮ, ಮಾಲೀಕನ ಕೈಗೆ ಇನ್ನೂ ಒಂದು ರೂಪಾಯಿಯೂ ಬಂದಿರುವುದಿಲ್ಲ. ಜುಲೈಯಲ್ಲಿ 115 ಜನ ಕಟ್ಟುತ್ತಾರೆಯೇ ಎಂಬ ಪ್ರಶ್ನೆಗೆ ಇಲ್ಲಿ ಮಳೆಗಾಲ ಕಳೆದವರಾರೂ ಹೌದು ಎನ್ನುವುದಿಲ್ಲ.

ಎರಡನೆಯ ಆಯ್ಕೆ ಐನೂರು, ಆರುನೂರು ಚದರಡಿಯ ಸ್ಟುಡಿಯೋ. ಸಮಯ ಗೊತ್ತುಮಾಡಿಕೊಂಡವರು ಮಾತ್ರ ಬರುತ್ತಾರೆ; ಟ್ರೈನರ್ ನೀವೇ. ಬಾಡಿಗೆ 18,000, ಕರೆಂಟ್ ಮತ್ತು ಸ್ವಚ್ಛತೆಗೆ 6,000, ಐದು ಲಕ್ಷದ ಸಾಲಕ್ಕೆ ಕಂತು 11,000 ಎಂದಿಟ್ಟರೆ ಒಟ್ಟು 35,000. ಒಬ್ಬರಿಗೆ ಒಂದು ಗಂಟೆಗೆ 400 ರೂಪಾಯಿಯಂತೆ ತೆಗೆದುಕೊಂಡರೆ 88 ಗಂಟೆಗಳ ದುಡಿಮೆ ಬರಿಯ ಖರ್ಚಿಗೆ ಹೋಗುತ್ತದೆ. ಅದೇ ಒಂದು ಗಂಟೆಯಲ್ಲಿ ನಾಲ್ವರನ್ನು ಕೂಡಿಸಿ ತಲೆಗೆ 200 ರೂಪಾಯಿ ತೆಗೆದುಕೊಂಡರೆ 44 ಗಂಟೆಯಲ್ಲಿ ಖರ್ಚು ತೀರುತ್ತದೆ, ಮಳೆಗೆ ಇಬ್ಬರು ತಪ್ಪಿಸಿಕೊಂಡರೂ ಆ ಗಂಟೆ ಪೂರ್ತಿ ವ್ಯರ್ಥವಾಗುವುದಿಲ್ಲ. ಒಬ್ಬರಿಗೊಬ್ಬರು ಎಂಬ ತರಬೇತಿಗೂ ನಾಲ್ವರ ಗುಂಪಿಗೂ ಇರುವ ನಿಜವಾದ ವ್ಯತ್ಯಾಸ ಇದೇ. ಗುಂಪು ಆರಕ್ಕಿಂತ ದೊಡ್ಡದಾದರೆ ಒಬ್ಬೊಬ್ಬರ ಬೆನ್ನು, ಮೊಣಕಾಲುಗಳ ಮೇಲೆ ಕಣ್ಣಿಡಲು ಆಗುವುದಿಲ್ಲ. ಆಗ ಅದನ್ನು ಪರ್ಸನಲ್ ಟ್ರೈನಿಂಗ್ ಎಂದು ಕರೆಯುವುದು ಸರಿಯಲ್ಲ.

ಮೂರನೆಯದು ಮನೆಗಳಿಗೇ ಹೋಗಿ ತರಬೇತಿ ಕೊಡುವುದು. ಬಾಡಿಗೆಯಿಲ್ಲ, ಅಡ್ವಾನ್ಸ್ ಇಲ್ಲ. ಒಂದೆರಡು ಕೆಟಲ್‌ಬೆಲ್ (ಹಿಡಿಯಿರುವ ಕಬ್ಬಿಣದ ಗುಂಡು), ಎಲಾಸ್ಟಿಕ್ ಬ್ಯಾಂಡ್‌ಗಳು, ಒಂದು ಮ್ಯಾಟ್ ಇದ್ದರೆ ಸಾಕು. ತೋಟದ ಮನೆಗಳಲ್ಲಿರುವ ಅರವತ್ತು ದಾಟಿದವರು, ಹೆರಿಗೆಯ ನಂತರದ ತಾಯಂದಿರು, ಮಂಡಿ ನೋವಿನವರು ಪಟ್ಟಣದ ಜಿಮ್ಮಿಗೆ ಎಂದೂ ಬರುವುದಿಲ್ಲ, ಮನೆಗೆ ಬಂದವರಿಗೆ ಮಾತ್ರ ಒಳ್ಳೆಯ ಶುಲ್ಕ ಕೊಡುತ್ತಾರೆ. ತೊಂದರೆ ಇರುವುದು ದಾರಿಯಲ್ಲಿ. ಅಮ್ಮತ್ತಿಯ ಹತ್ತಿರದ ಒಂದು ತೋಟದಿಂದ ಸಿದ್ದಾಪುರದ ಕಡೆಯ ಇನ್ನೊಂದು ತೋಟಕ್ಕೆ ಹೋಗುವಷ್ಟರಲ್ಲಿ ಬೆಳಗಿನ ಒಳ್ಳೆಯ ಹೊತ್ತು ಕಳೆದಿರುತ್ತದೆ. ಮೂರು ಮನೆಗಿಂತ ಹೆಚ್ಚು ಮುಗಿಸುವುದು ಕಷ್ಟ. ಆ ಕಡೆಯ ತೋಟಗಳ ಹಾದಿಯಲ್ಲಿ ಮುಂಜಾನೆ ಕತ್ತಲಲ್ಲಿ ಬೈಕಿನ ಎದುರು ಆನೆ ನಿಲ್ಲುವುದು ಕತೆಯಲ್ಲ, ಆ ಮನೆಗಳಿಗೆ ಬೆಳಕು ಹರಿದ ಮೇಲಿನ ಸಮಯವನ್ನೇ ಕೊಡಿ. ಇಷ್ಟಾದರೂ ಜುಲೈ ಪರೀಕ್ಷೆಯಲ್ಲಿ ಅತಿ ಕಡಿಮೆ ನಷ್ಟ ಇರುವುದು ಇದಕ್ಕೇ, ಏಕೆಂದರೆ ಕಳೆದುಕೊಳ್ಳಲು ಹೆಚ್ಚೇನೂ ಇಲ್ಲ.

ಬೇರೆಯವರ ಜಿಮ್ಮಿನಲ್ಲಿ ಪಾಲಿನ ಲೆಕ್ಕದ ಮೇಲೆ ಗಂಟೆ ಹಿಡಿಯುವುದು ಇನ್ನೊಂದು ದಾರಿ. ಒಂದು ವರ್ಷ ಕಲಿಯಲು ಒಳ್ಳೆಯದು, ಅದಕ್ಕಿಂತ ಹೆಚ್ಚಲ್ಲ. ಫ್ರಾಂಚೈಸಿಯ ವಿಷಯಕ್ಕೆ ನಾನು ಹೋಗುವುದೇ ಇಲ್ಲ. ಅವರು ಕೇಳುವ ಜಾಗಕ್ಕೂ ಹಣಕ್ಕೂ ತಕ್ಕ ಜನಸಂದಣಿ ಜಿಲ್ಲೆಯ ಯಾವ ಪಟ್ಟಣದಲ್ಲೂ ಇಲ್ಲ.

ನನ್ನ ತೀರ್ಮಾನ ಇಷ್ಟು: ಮೊದಲ ಆರು ತಿಂಗಳು ಮನೆಗಳಿಗೆ ಹೋಗಿ, ಹದಿನೈದು ಜನ ಖಾಯಂ ಗ್ರಾಹಕರಾದ ಮೇಲೆ ನಾಲ್ವರ ಗುಂಪಿನ ಸ್ಟುಡಿಯೋ ತೆರೆಯುವುದು. ಜಿಮ್ ತೆರೆದು ಗ್ರಾಹಕರಿಗಾಗಿ ಕಾಯುವುದು ಒಂದು, ಗ್ರಾಹಕರನ್ನು ಜೊತೆಗಿಟ್ಟುಕೊಂಡು ಜಿಮ್ ತೆರೆಯುವುದು ಇನ್ನೊಂದು. ಸಾಲದ ಕಂತಿಗೆ ಎರಡನೆಯದೇ ವಾಸಿ.

ಯಾವ ಊರು, ಯಾವ ಕಟ್ಟಡ

ಮಡಿಕೇರಿಯಲ್ಲಿ ಸರ್ಕಾರಿ ನೌಕರರು, ವೈದ್ಯಕೀಯ ಕಾಲೇಜಿನವರು, ಬ್ಯಾಂಕಿನವರು ಇರುವುದರಿಂದ ತಿಂಗಳ ಸಂಬಳದ ಗ್ರಾಹಕರು ಸಿಗುತ್ತಾರೆ, ಕಾಫಿ ಬೆಲೆಯ ಏರಿಳಿತ ಇವರಿಗೆ ತಟ್ಟುವುದಿಲ್ಲ. ಆದರೆ ಕಡಿದಾದ ರಸ್ತೆ, ವಾಹನ ನಿಲ್ಲಿಸಲು ಜಾಗದ ಬರ, ಪ್ರವಾಸಿಗರಿಗೆ ಕೋಣೆ ಮಾಡಿದರೆ ಇನ್ನೂ ಹೆಚ್ಚು ಸಿಗುತ್ತದೆಂದು ಲೆಕ್ಕ ಹಾಕುವ ಕಟ್ಟಡ ಮಾಲೀಕ, ಇವು ಮೂರೂ ಎದುರಾಗುತ್ತವೆ. ಕುಶಾಲನಗರ ಸಮತಟ್ಟಾದ ಊರು, ಮೈಸೂರು ರಸ್ತೆಯ ಮೇಲಿದೆ, ಮಡಿಕೇರಿಗಿಂತ ಮಳೆ ಬಹಳ ಕಡಿಮೆ. ಜುಲೈ ಪರೀಕ್ಷೆಯನ್ನು ಸುಲಭವಾಗಿ ಪಾಸಾಗುವ ಊರು ಇದೊಂದೇ ಎನ್ನಬಹುದು. ಒಂದು ಎಚ್ಚರಿಕೆ ಬೇಕು: 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ದಂಡೆಯ ಬಡಾವಣೆಗಳಿಗೆ ನೀರು ನುಗ್ಗಿತ್ತು. ಅಗ್ಗದ ನೆಲಮಹಡಿ ಸಿಕ್ಕಿತೆಂದು ಒಪ್ಪುವ ಮೊದಲು ಅಕ್ಕಪಕ್ಕದ ಅಂಗಡಿಯವರನ್ನು ಆ ವರ್ಷ ನೀರು ಎಲ್ಲಿಯವರೆಗೆ ಬಂದಿತ್ತೆಂದು ಕೇಳಿ. ಗೋಡೆಯ ಮೇಲೆ ಕೈಯಿಟ್ಟು ತೋರಿಸುತ್ತಾರೆ.

ಗೋಣಿಕೊಪ್ಪಲು, ಪೊನ್ನಂಪೇಟೆ, ವಿರಾಜಪೇಟೆಗಳನ್ನು ಒಂದೇ ಸೀಮೆಯೆಂದು ಎಣಿಸಬೇಕು. ಗೋಣಿಕೊಪ್ಪಲಿನಲ್ಲಿ ತೆರೆದರೆ ಉಳಿದೆರಡು ಕಡೆಯವರೂ ಬರುತ್ತಾರೆ. ಇಲ್ಲಿ ಬೆಳೆಗಾರರು ಹೆಚ್ಚು, ಹಾಕಿ ಹೆಚ್ಚು, ನಿವೃತ್ತ ಸೈನಿಕರು ಹೆಚ್ಚು. ಬೆಳೆಗಾರರಿಂದ ಪ್ರತಿ ತಿಂಗಳೂ ಶುಲ್ಕ ಕೇಳುವುದಕ್ಕಿಂತ ಕಾಫಿ ಮಾರಿದ ಮಾರ್ಚ್, ಏಪ್ರಿಲ್‌ನಲ್ಲಿ ಆರು ತಿಂಗಳದ್ದನ್ನು ಒಟ್ಟಿಗೆ ಪಡೆಯುವುದು ಇಬ್ಬರಿಗೂ ಅನುಕೂಲ. ಏಪ್ರಿಲ್‌ನಲ್ಲಿ ಕಟ್ಟಿದ ಆ ಹಣವೇ ಜುಲೈ ಬಾಡಿಗೆ. ಮಾಸಿಕ ಶುಲ್ಕ, ಸೆಷನ್‌ಗಳ ಪ್ಯಾಕೇಜ್, ಆರು ತಿಂಗಳ ಶುಲ್ಕ ಇವುಗಳಲ್ಲಿ ಯಾವುದು ಉತ್ತಮ ಎಂಬ ಚರ್ಚೆಗೆ ಈ ಭಾಗದಲ್ಲಿ ಉತ್ತರ ಸಿಗುವುದು ಕಾಫಿ ಮಾರುವ ಕಾಲದಲ್ಲಿ. ಪ್ಯಾಕೇಜ್ ಕೊಡುವುದಾದರೆ ಅವಧಿಯನ್ನು ಕಡ್ಡಾಯವಾಗಿ ಬರೆಯಿರಿ. 'ಹನ್ನೆರಡು ಸೆಷನ್, ಐದು ವಾರದೊಳಗೆ' ಎಂದು ಬರೆಯದಿದ್ದರೆ ಡಿಸೆಂಬರ್‌ನಲ್ಲಿ ಬಿಟ್ಟವರು ಮೇ ತಿಂಗಳಲ್ಲಿ ಬಂದು ಉಳಿದ ಏಳನ್ನು ಕೇಳುತ್ತಾರೆ.

ಕಟ್ಟಡದ ವಿಷಯದಲ್ಲಿ ತೋಟದ ಖಾಲಿ ಗೋದಾಮು ಅನೇಕರ ಕಣ್ಣಿಗೆ ಬೀಳುತ್ತದೆ. ಸ್ವಂತದ್ದಾದರೆ ಬಾಡಿಗೆಯಿಲ್ಲ, ಎದುರಿಗೆ ಸಿಮೆಂಟಿನ ಕಣ, ಓಡಲು, ಜಿಗಿಯಲು ಬೇಕಾದಷ್ಟು ಜಾಗ. ಆದರೆ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಗೋದಾಮಿನಲ್ಲಿ ಮೂಟೆಗಳು ಏರುತ್ತವೆ. ಮಳೆಗಾಲದಲ್ಲಿ ಶೀಟಿನ ಮೇಲೆ ಬೀಳುವ ನೀರಿನ ಸದ್ದಿಗೆ ಟ್ರೈನರ್ ಹೇಳಿದ್ದು ಎರಡು ಮಾರು ದೂರದವರಿಗೂ ಕೇಳಿಸುವುದಿಲ್ಲ. ಪಟ್ಟಣದಲ್ಲಿ ಮೊದಲ ಮಹಡಿ ಅಗ್ಗ, ನೆಲಮಹಡಿ ದುಬಾರಿ. ಮಹಡಿಯ ಮೇಲೆ ಭಾರ ಎತ್ತಿ ಕೆಳಗೆ ಬಿಡುವ ವ್ಯಾಯಾಮಗಳನ್ನು ಕೈಬಿಡಬೇಕಾಗುತ್ತದೆ, ಕೆಳಗಿನ ಅಂಗಡಿಯವರೊಡನೆ ದಿನವೂ ಜಗಳ ಬೇಡವೆಂದಾದರೆ. ಚಾವಣಿಯ ಎತ್ತರವನ್ನು ಟೇಪ್ ಹಿಡಿದು ಅಳೆಯಿರಿ. ಆರಡಿಯ ಮನುಷ್ಯ ಬಾರ್ ಅನ್ನು, ಅಂದರೆ ಭಾರದ ಪ್ಲೇಟ್ ಸಿಕ್ಕಿಸುವ ಉದ್ದನೆಯ ಸರಳನ್ನು, ತಲೆಯ ಮೇಲೆತ್ತಿದಾಗ ಪ್ಲೇಟ್ ಫ್ಯಾನಿಗೆ ತಾಗಬಾರದು. ಒಲಿಂಪಿಕ್ ಬಾರ್‌ನ ಉದ್ದವೇ 2.2 ಮೀಟರ್, ಎರಡೂ ಬದಿ ಪ್ಲೇಟ್ ಹಾಕಲು ನಿಲ್ಲುವ ಜಾಗ ಸೇರಿದರೆ ಬಾರ್ ಇಡುವ ಒಂದು ರ್ಯಾಕ್‌ಗೆ ಹತ್ತಡಿಗೂ ಮಿಕ್ಕಿದ ಅಗಲ ಬೇಕು.

ಮಳೆಗೆ ತಾಳುವ ಸಾಮಾನು

ನಾನು ಕಲಿತದ್ದೆಲ್ಲ ಹೆಚ್ಚಾಗಿ ಇಲ್ಲಿಯೇ, ಅದೂ ಕೈಸುಟ್ಟುಕೊಂಡು. ಮೊದಲ ವರ್ಷ ಚೆಂದ ಕಾಣುತ್ತದೆಂದು ಕಪ್ಪು ಬಣ್ಣದ ಬಾರ್ಬೆಲ್ ತರಿಸಿದ್ದೆ. ಜುಲೈ ಎರಡನೆಯ ವಾರ ಒಬ್ಬ ಹಿರಿಯರು ಬಾರ್ ಅನ್ನು ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಮುಗಿಸಿ ಅಂಗೈ ತೋರಿಸಿದರು: ಬಾರ್‌ನ ಹಿಡಿತಕ್ಕಾಗಿ ಕೊರೆದ ಚೌಕಗಳ ಗುರುತು ಅವರ ಅಂಗೈಯಲ್ಲಿ ಕೇಸರಿ ಬಣ್ಣದಲ್ಲಿ ಅಚ್ಚಾಗಿತ್ತು. ತುಕ್ಕು ಗೀರುಗಳ ಒಳಗೆ ಇಳಿದಿತ್ತು, ಬಟ್ಟೆಯಿಂದ ಒರೆಸಿದರೆ ಬರುವಂಥದ್ದಲ್ಲ. ಅದೇ ತಿಂಗಳು ಬೆಂಚಿನ ರೆಕ್ಸಿನ್ ಹೊಲಿಗೆಯ ಉದ್ದಕ್ಕೂ ಬೂಷ್ಟು ಬಿಳಿಯ ಪುಡಿಯಂತೆ ಕೂತಿತ್ತು. ಒಳಗಿನ ಫೋಮ್ ಬೆವರು ಕುಡಿದು ಒಣಗದೆ ವಾಸನೆ ಹಿಡಿದಿತ್ತು.

ಆ ಮೇಲೆ ಆಯ್ಕೆಗಳನ್ನು ಹೀಗೆ ಮಾಡಿಕೊಂಡೆ. ಬಾರ್‌ಗಳ ಲೇಪನದಲ್ಲಿ ಕಪ್ಪು ಬಣ್ಣದ ಬ್ಲಾಕ್ ಆಕ್ಸೈಡ್ ನಮ್ಮ ಹವೆಗೆ ಎಲ್ಲಕ್ಕಿಂತ ಕೆಟ್ಟದ್ದು, ಜಿಂಕ್ ಲೇಪನ ಸಾಧಾರಣ, ಹಾರ್ಡ್ ಕ್ರೋಮ್ ಒಳ್ಳೆಯದು, ಸ್ಟೇನ್‌ಲೆಸ್ ಸ್ಟೀಲ್ ಅತ್ಯುತ್ತಮವಾದರೂ ಬೆಲೆ ಎಟುಕುವಂಥದ್ದಲ್ಲ. ಆದ್ದರಿಂದ ಹಾರ್ಡ್ ಕ್ರೋಮ್ ಬಾರ್, ವಾರಕ್ಕೊಮ್ಮೆ ಬ್ರಷ್ ಹಾಕಿ ತೆಳುವಾಗಿ ಮೆಷಿನ್ ಎಣ್ಣೆ ಒರೆಸುವ ಅಭ್ಯಾಸ. ಬರಿಯ ಕಬ್ಬಿಣದ ಪ್ಲೇಟ್‌ಗಿಂತ ರಬ್ಬರ್ ಹೊದಿಸಿದ್ದು ಮೇಲು. ಹಳೆಯ ಜಿಮ್ ಮುಚ್ಚಿದಾಗ ಸಿಗುವ ಸೆಕೆಂಡ್ ಹ್ಯಾಂಡ್ ಸಾಮಾನಿನಲ್ಲಿ ಪ್ಲೇಟ್, ಡಂಬೆಲ್, ರ್ಯಾಕ್‌ಗಳನ್ನು ಧೈರ್ಯವಾಗಿ ಕೊಳ್ಳಬಹುದು, ಕಬ್ಬಿಣಕ್ಕೆ ವಯಸ್ಸಿಲ್ಲ. ಕೇಬಲ್ ಮೆಷಿನ್, ಟ್ರೆಡ್‌ಮಿಲ್, ಬೆಂಚುಗಳನ್ನು ಮಾತ್ರ ಮುಟ್ಟಬಾರದು.

ಟ್ರೆಡ್‌ಮಿಲ್ ಬೇಕೇ ಎಂಬ ಪ್ರಶ್ನೆಗೂ ಉತ್ತರ ಇಲ್ಲಿದೆ. ಮೂರು ಎಚ್‌ಪಿ ಮೋಟರ್ ಎಂದರೆ ಎರಡು ಕಿಲೋವಾಟ್‌ಗೂ ಹೆಚ್ಚು, ಮನೆಗೆ ಹಾಕಿಸುವ ಸಾಧಾರಣ ಇನ್ವರ್ಟರ್ ಅದನ್ನು ಎಳೆಯುವುದಿಲ್ಲ. ವಿದ್ಯುತ್ ಕಂಪನಿ ಚೆಸ್ಕಾಂನ ಲೈನ್ ಮಳೆಗಾಲದಲ್ಲಿ ಹೇಗಿರುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅದೇ ಹಣದಲ್ಲಿ ಏರ್ ಬೈಕ್ ಒಂದು, ರೋಯಿಂಗ್ ಮೆಷಿನ್ ಒಂದು ಬರುತ್ತವೆ. ಎರಡೂ ತುಳಿಯುವವನ, ಎಳೆಯುವವನ ಬಲದಿಂದಲೇ ನಡೆಯುವಂಥವು. ಇನ್ವರ್ಟರ್ ಲೈಟು ಮತ್ತು ಫ್ಯಾನಿಗೆ ಸಾಕು. ಉಳಿದ ಹಣದಲ್ಲಿ ತೇವ ಹೀರುವ ಡಿಹ್ಯುಮಿಡಿಫೈಯರ್ ಕೊಳ್ಳಿ. ಗ್ರಾಹಕರಿಗೆ ಅದು ಕಾಣುವುದಿಲ್ಲ, ಆದರೆ ಒಳಗೆ ಬಂದ ಕೂಡಲೇ ಮುಗ್ಗಲು ವಾಸನೆ ಮೂಗಿಗೆ ಬಡಿಯುವುದಿಲ್ಲ.

ಯಾರಿಗಾಗಿ

ಹಾಕಿಯ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ, ಎಂ.ಎಂ. ಸೋಮಯ್ಯ, ಓಟದ ಅಶ್ವಿನಿ ನಾಚಪ್ಪ, ಟೆನಿಸ್‌ನ ರೋಹನ್ ಬೋಪಣ್ಣ ಇವರ ನಾಡಿನಲ್ಲಿ ಮೈಕೈ ಗಟ್ಟಿ ಮಾಡಿಕೊಳ್ಳಲು ದುಡ್ಡು ಕೊಡಬೇಕೆಂಬ ಮಾತೇ ಕೆಲವರಿಗೆ ನಗೆ ತರಿಸುತ್ತದೆ. ಮೈದಾನ ಪುಕ್ಕಟೆ ಇದೆಯಲ್ಲ ಎನ್ನುತ್ತಾರೆ. ಆಟಗಾರರು ಬೇಕಾದಷ್ಟಿದ್ದಾರೆ, ಅವರು ನಿಮ್ಮ ಮುಖ್ಯ ಗ್ರಾಹಕರಾಗುತ್ತಾರೆಂದು ಭಾವಿಸಬೇಡಿ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಉತ್ಸವ ಬೇಸಿಗೆಯಲ್ಲಿ ನಡೆಯುವುದರಿಂದ ಫೆಬ್ರವರಿ, ಮಾರ್ಚ್‌ನಲ್ಲಿ ಒಂದೊಂದು ಒಕ್ಕದ (ಮನೆತನದ) ಏಳೆಂಟು ಹುಡುಗರು ಒಟ್ಟಾಗಿ ಬರುತ್ತಾರೆ, ಉತ್ಸವ ಮುಗಿದ ಮೇಲೆ ಕಾಣಿಸುವುದಿಲ್ಲ. ಅವರಿಗೆ ಎಂಟು ವಾರದ ಗುಂಪು ಶುಲ್ಕ ಮಾಡಿ, ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಸೇನೆಯ ಅಗ್ನಿವೀರ ಭರ್ತಿಗೆ ಸಿದ್ಧರಾಗುವ ಹುಡುಗರಿಗೆ ಬೇಕಾಗಿರುವುದು 1.6 ಕಿಲೋಮೀಟರ್ ಓಟ, ಪುಲ್ ಅಪ್, ಒಂಬತ್ತು ಅಡಿಯ ಹಳ್ಳ ಜಿಗಿಯುವುದು. ಇದಕ್ಕೆ ಮೈದಾನವೂ ಒಂದು ಕಬ್ಬಿಣದ ಸರಳೂ ಸಾಕು, ಕೈಯಲ್ಲಿ ಹಣವೂ ಇರುವುದಿಲ್ಲ. ಭಾನುವಾರ ಬೆಳಿಗ್ಗೆ ಕಡಿಮೆ ಶುಲ್ಕದಲ್ಲಿ ಒಂದು ಬ್ಯಾಚ್ ಮಾಡಿದರೆ ಊರಿನಲ್ಲಿ ಹೆಸರಾಗುತ್ತದೆ, ಅವರ ತಂದೆ ತಾಯಿ ನಿಮ್ಮ ಗ್ರಾಹಕರಾಗುತ್ತಾರೆ.

ನಿಜವಾಗಿ ವರ್ಷವಿಡೀ ಬರುವವರು ಎರಡು ಬಗೆಯವರು: ನಿವೃತ್ತ ಸೈನಿಕರು ಮತ್ತು ನಲವತ್ತು ದಾಟಿದ ಮಹಿಳೆಯರು. ಮೊದಲನೆಯವರು ಮಳೆಯಿರಲಿ ಬಿಸಿಲಿರಲಿ ಐದು ಐವತ್ತೈದಕ್ಕೆ ಬಾಗಿಲಲ್ಲಿ ನಿಂತಿರುತ್ತಾರೆ. ನೀವು ಆರು ಗಂಟೆ ಎರಡು ನಿಮಿಷಕ್ಕೆ ಬಂದರೆ ಗಡಿಯಾರ ನೋಡುತ್ತಾರೆ. ಎರಡನೆಯವರು ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಹತ್ತು ಗಂಟೆಗೆ ಬರುತ್ತಾರೆ. ಮಳೆ ರಜೆಯ ದಿನ ಈ ಬ್ಯಾಚ್ ಖಾಲಿಯಾಗುತ್ತದೆ, ಆದ್ದರಿಂದ ಆ ದಿನಗಳ ಸೆಷನ್ ಅನ್ನು ಶುಲ್ಕದಿಂದ ಕಳೆಯದೆ ಶನಿವಾರಕ್ಕೆ ಮುಂದೂಡುವ ನಿಯಮವನ್ನು ಸೇರಿಸಿಕೊಳ್ಳುವಾಗಲೇ ಹೇಳಿಬಿಡಬೇಕು.

ಈ ಎರಡು ಬಗೆಯವರನ್ನು ನಂಬಿದ ಜಿಮ್ಮಿನಲ್ಲಿ ಎಚ್ಚರವೂ ಹೆಚ್ಚಿರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಅವರು ಹೃದಯಾಘಾತದಿಂದ ತೀರಿಕೊಂಡ ಮೇಲೆ ಕರ್ನಾಟಕದಲ್ಲಿ ಜಿಮ್ಮೆಂದರೆ ಮನೆಯವರು ಬೆದರುವಂತಾಯಿತು. ಆ ಭಯವನ್ನು ವಾದದಿಂದ ಕಳೆಯಲಾಗದು. ವ್ಯಾಯಾಮ ಶುರುಮಾಡುವ ಮುನ್ನ ಆರೋಗ್ಯ ವಿಚಾರಿಸುವ ಪಾರ್ ಕ್ಯೂ ಎಂಬ ಏಳು ಪ್ರಶ್ನೆಗಳ ಪಟ್ಟಿಯನ್ನು ಮೊದಲ ದಿನವೇ ತುಂಬಿಸಿಕೊಳ್ಳಿ. ಒಂದಕ್ಕೆ ಹೌದು ಎಂದರೂ ವೈದ್ಯರ ಚೀಟಿ ಬರುವವರೆಗೆ ಕಾಯಿರಿ. ಯಾವ ಸರ್ಟಿಫಿಕೇಟ್ ಮಾಡಬೇಕೆಂದು ಕೇಳುವವರಿಗೂ ಇದೇ ಅಳತೆ: ಟ್ರೈನರ್‌ಗಳಿಗೆ ಪರೀಕ್ಷೆ ನಡೆಸುವ ಎಸಿಇ, ಎನ್‌ಎಸ್‌ಸಿಎ ಮೊದಲಾದ ಅಮೆರಿಕದ ಸಂಸ್ಥೆಗಳು ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಚಿಕಿತ್ಸೆ) ತರಬೇತಿಯ ಪ್ರಮಾಣಪತ್ರವನ್ನೂ ಕೇಳುತ್ತವೆ, ವಾರಾಂತ್ಯದ ಕೋರ್ಸ್‌ಗಳು ಅನೇಕ ಕಡೆ ಕೇಳುವುದಿಲ್ಲ. ದುಡ್ಡು ಹೆಚ್ಚಾದರೂ ಮೊದಲಿನವನ್ನೇ ಆರಿಸಿಕೊಳ್ಳಿ.

ಕಾಗದ, ಸಾಲ, ತೆರಿಗೆ

ಸ್ಥಳೀಯ ಸಂಸ್ಥೆಯ ಟ್ರೇಡ್ ಲೈಸೆನ್ಸ್, 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ, ವಾಣಿಜ್ಯ ದರದ ವಿದ್ಯುತ್ ಸಂಪರ್ಕ, ಇವು ಜಾಗ ಹಿಡಿದು ನಡೆಸುವ ಜಿಮ್ಮಿಗೂ ಸ್ಟುಡಿಯೋಗೂ ಒಂದೇ. ಸಣ್ಣ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ, ಮಧ್ಯವರ್ತಿಗೆ ದುಡ್ಡು ಕೊಡಬೇಡಿ. ಸಾಲಕ್ಕೆ ಮುದ್ರಾ ಯೋಜನೆಯ ಕಿಶೋರ್ ವಿಭಾಗದಲ್ಲಿ ಐದು ಲಕ್ಷದವರೆಗೆ, ತರುಣ್ ವಿಭಾಗದಲ್ಲಿ ಹತ್ತು ಲಕ್ಷದವರೆಗೆ ಅವಕಾಶವಿದೆ. ನಾಲ್ವರ ಸ್ಟುಡಿಯೋಗೆ ಕಿಶೋರ್ ಸಾಕು, ಸಾಲದಲ್ಲೇ ಅದು ಮುಗಿಯುವುದಿಲ್ಲವೆಂದಾದರೆ ನೀವು ಹಾಕುತ್ತಿರುವುದು ಸ್ಟುಡಿಯೋ ಅಲ್ಲ. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಮ್ ಸೇವೆಗಳ ಮೇಲಿನ ತೆರಿಗೆ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ಆದರೆ ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಅದರಲ್ಲಿ ಕಳೆಯಲು ಬರುವುದಿಲ್ಲ. ಲಕ್ಷಾಂತರದ ಮೆಷಿನ್ ತರಿಸುವ ದೊಡ್ಡ ಜಿಮ್ಮಿಗೆ ಇದು ಹೊರೆ, ಸಣ್ಣ ಸ್ಟುಡಿಯೋಗೆ ಅಷ್ಟಾಗಿ ತಾಗದು. ಪ್ರೋಟೀನ್ ಡಬ್ಬಿ ಮಾರುವ ಆಸೆಯಿದ್ದರೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕಾಗುತ್ತದೆ. ನಾನಂತೂ ಮಾರುವುದಿಲ್ಲ: ಡಬ್ಬಿ ಮಾರುವವನು ಆಹಾರದ ಬಗ್ಗೆ ಹೇಳಿದ ಮಾತನ್ನು ಗ್ರಾಹಕರು ಮುಂದೆ ನಂಬುವುದಿಲ್ಲ.

ಬೆಳೆಸುವಾಗ: ಎರಡನೆಯ ಟ್ರೈನರೋ, ಎರಡನೆಯ ಊರೋ

ದಿನಕ್ಕೆ ಆರು ಗಂಟೆ ಗುಂಪು ನಡೆಸಿದರೆ ಒಬ್ಬನ ಗಂಟಲೂ ಸೊಂಟವೂ ಸೋಲುತ್ತವೆ, ಬೆಳೆಯುವ ಪ್ರಶ್ನೆ ಏಳುವುದು ಆಗ. ಎರಡನೆಯ ಊರಿನಲ್ಲಿ ಶಾಖೆ ತೆರೆದರೆ ಬಾಡಿಗೆಯೂ ಜುಲೈಯೂ ಎರಡೆರಡಾಗುತ್ತವೆ. ಅದಕ್ಕಿಂತ ಅದೇ ಜಾಗದ ಖಾಲಿ ಗಂಟೆಗಳಿಗೆ ಎರಡನೆಯ ಟ್ರೈನರ್, ಸಾಧ್ಯವಾದರೆ ಮಹಿಳೆಯನ್ನೇ, ನೇಮಿಸಿಕೊಳ್ಳುವುದು ಮೇಲು. ಹತ್ತು ಗಂಟೆಯ ಬ್ಯಾಚ್ ಒಂದಿದ್ದದ್ದು ಎರಡಾಗುವುದು ಆಗಲೇ.

ಅವರಿಗೆ ಸಂಬಳವೋ ಪಾಲೋ? ಅರ್ಧರ್ಧ ಪಾಲಿನಲ್ಲಿ ಮಳೆಗಾಲದ ನಷ್ಟ ಹಂಚಿಹೋಗುತ್ತದೆ, ಅದು ಮಾಲೀಕನಿಗೆ ಹಿತ. ಆದರೆ ಆ ವ್ಯವಸ್ಥೆಯಲ್ಲಿ ಗ್ರಾಹಕ ಟ್ರೈನರ್‌ನವನಾಗುತ್ತಾನೆ. ಬಿಟ್ಟುಹೋದವರು ಎದುರು ಬೀದಿಯಲ್ಲೇ ತೆರೆಯಬಾರದೆಂದು ಕರಾರಿನಲ್ಲಿ ಬರೆಸಿಕೊಂಡರೂ ಪ್ರಯೋಜನವಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 27ನೆಯ ಕಲಂ ಅಂಥ ನಿರ್ಬಂಧವನ್ನು ಅನೂರ್ಜಿತವೆನ್ನುತ್ತದೆ. ನಾನು ಕಂಡಂತೆ ನಡೆಯುವುದು ಇದು: ಜುಲೈಯಲ್ಲೂ ನಿಲ್ಲದ ಚಿಕ್ಕ ಸಂಬಳ, ಅದರ ಮೇಲೆ ಬ್ಯಾಚ್ ತುಂಬಿದಷ್ಟಕ್ಕೆ ಪ್ರೋತ್ಸಾಹಧನ, ಪ್ರತಿಯೊಬ್ಬ ಗ್ರಾಹಕರ ಭಾರ, ನೋವು, ಪ್ರಗತಿಗಳ ದಾಖಲೆ ಜಿಮ್ಮಿನ ಪುಸ್ತಕದಲ್ಲಿ. ಟ್ರೈನರ್ ಹೋದರೂ ಪುಸ್ತಕ ಉಳಿಯುತ್ತದೆ, ಹೊಸಬರು ಅಲ್ಲಿಂದಲೇ ಮುಂದುವರಿಸುತ್ತಾರೆ.

ಇನ್ನು ತೆರೆಯುವ ದಿನ. ಜನವರಿ ಬೇಡ, ಕೊಯ್ಲು ನಡೆಯುತ್ತಿರುತ್ತದೆ. ಏಪ್ರಿಲ್ ಬೇಡ, ಎರಡೇ ತಿಂಗಳಲ್ಲಿ ಮಳೆ. ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಮಳೆ ಇಳಿಮುಖವಾದ ಮೇಲೆ ಅಕ್ಟೋಬರ್ 1ರಿಂದ ಬಾಡಿಗೆ ಕರಾರು ಮಾಡಿಕೊಳ್ಳಿ. ರೂಢಿಯ ಹನ್ನೊಂದು ತಿಂಗಳ ಕರಾರು ಮುಗಿಯುವುದು ಆಗಸ್ಟ್ 31ಕ್ಕೆ. ಮುಂದುವರಿಸುತ್ತೀರಾ ಎಂದು ಕಟ್ಟಡದ ಮಾಲೀಕರು ಕೇಳುವ ಹೊತ್ತಿಗೆ ಒಂದು ಜುಲೈಯ ಲೆಕ್ಕ ನಿಮ್ಮ ಕೈಯಲ್ಲಿರುತ್ತದೆ.